ಬಿಗಿದು ಕಟ್ಟಿದ ಚಿಲುಮೆ: ಕ್ಯಾಮರೂನಿನ ಒಂದು ಹೊಗೆಕೊಳವೆಯ ಪ್ರಕರಣ ಅಧ್ಯಯನ

ಜರ್ಮನಿಯ ಒಂದು ನಗರಸಭೆಯ ವಸ್ತುಸಂಗ್ರಹಾಲಯದಲ್ಲಿ, ದಾಖಲಾತಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ನಡೆದ ಪ್ರಕರಣವಿದು. ಊರು, ಸಂಗ್ರಹಾಲಯ, ವಸ್ತುವನ್ನು ತಂದ ಸೇನಾಧಿಕಾರಿ, ಅದು ಸೇರಿದ್ದ ಅರಮನೆ, ನನ್ನ ಸಹೋದ್ಯೋಗಿಗಳು, ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಹಿಡಿಯಲು ಸಾಧ್ಯವಾಗುವ ಅಳತೆ, ನಮೂನೆಗಳನ್ನು ಸ್ವಲ್ಪ ಬದಲಿಸಿದ್ದೇನೆ. ನಿರ್ಧಾರಗಳನ್ನು ಮಾತ್ರ, ಅವುಗಳಲ್ಲಿ ನನ್ನ ತಪ್ಪನ್ನೂ ಸೇರಿಸಿ, ಇದ್ದದ್ದು ಇದ್ದಂತೆ ಬರೆದಿದ್ದೇನೆ. ಇಂಥ ಕೆಲಸಕ್ಕೆ ಬರುವ ಕನ್ನಡದ ಹುಡುಗ ಹುಡುಗಿಯರು ನಾವು ಎಡವಿದಲ್ಲಿ ಎಡವದಿರಲಿ ಎಂಬುದು ಇದನ್ನು ಬರೆಯಲು ಕಾರಣ.

ಹಿನ್ನೆಲೆ

ಹೊಗೆಸೊಪ್ಪು ಆಫ್ರಿಕದ ಮಣ್ಣಿನ ಗಿಡವಲ್ಲ. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಿಂದ ಹಡಗುಗಳ ಮೂಲಕ ಪಶ್ಚಿಮ ಕರಾವಳಿಗೆ ಇಳಿದು, ಅಲ್ಲಿಂದ ಬಹಳ ಬೇಗ ಒಳನಾಡಿಗೆ ಹಬ್ಬಿತು. ಎಷ್ಟು ಬೇಗ ಎಂದರೆ, ಪಶ್ಚಿಮ ಆಫ್ರಿಕದಲ್ಲಿ ಅಗೆಯುವ ಪುರಾತತ್ವಜ್ಞರು ಮಣ್ಣಿನ ಚಿಲುಮೆಯ ಚೂರು ಸಿಕ್ಕ ಪದರವನ್ನು ಸುಮಾರು 1600ರ ನಂತರದ್ದೆಂದು ಗುರುತಿಸಿಕೊಳ್ಳುತ್ತಾರೆ. ಹೊಗೆ ಸೇದುವುದು ಮಾತ್ರ ಆ ಖಂಡಕ್ಕೆ ಪೂರ್ತಿ ಹೊಸದೇನೂ ಆಗಿರಲಿಲ್ಲ. ಇಥಿಯೋಪಿಯದ ಲಾಲಿಬೆಲ ಗುಹೆಯಲ್ಲಿ ಹದಿನಾಲ್ಕನೆಯ ಶತಮಾನದ ಸುಮಾರಿನ ನೀರು ಚಿಲುಮೆಯ ಬಟ್ಟಲುಗಳು ಸಿಕ್ಕಿವೆ. ಅವುಗಳಲ್ಲಿ ಗಾಂಜಾದ ಕುರುಹು ಇತ್ತು.

ಹೊರಗಿನಿಂದ ಬಂದ ಈ ಸೊಪ್ಪಿಗೆ ಒಂದೊಂದು ನಾಡೂ ತನ್ನದೇ ಮರ್ಯಾದೆಯ ಕ್ರಮ ಕಟ್ಟಿತು. ಇಂದಿನ ಘಾನಾದ ಅಸಾಂತೆ ಅರಸೊತ್ತಿಗೆಯಲ್ಲಿ ಬಂಗಾರದ ಹೊಗೆಕೊಳವೆ ಆಸ್ಥಾನದ ಸಂಪತ್ತಿಗೆ ಸೇರಿತ್ತು. 1874ರಲ್ಲಿ ಬ್ರಿಟಿಷ್ ಸೈನ್ಯ ಕುಮಾಸಿಯನ್ನು ಸುಟ್ಟ ಯುದ್ಧದ ನಂತರ ಆ ಆಸ್ಥಾನದ ಬಂಗಾರದ ಎಷ್ಟೋ ವಸ್ತುಗಳು ಲಂಡನ್ನಿಗೆ ಹೋದವು. 150 ವರ್ಷಗಳ ಬಳಿಕ, 2024ರಲ್ಲಿ, ಲಂಡನ್ನಿನ ಎರಡು ಸಂಗ್ರಹಾಲಯಗಳಿಂದ 32 ವಸ್ತುಗಳು ಕುಮಾಸಿಯ ಮಾನ್ಹಿಯಾ ಅರಮನೆಯ ಸಂಗ್ರಹಾಲಯಕ್ಕೆ ಬಂದಾಗ ಅವುಗಳಲ್ಲಿ ಬಂಗಾರದ ಒಂದು ಶಾಂತಿ ಕೊಳವೆಯೂ ಇತ್ತು. ಬಂದದ್ದು ಸಾಲದ ಲೆಕ್ಕದಲ್ಲಿ. ತನ್ನದೇ ಅರಮನೆಗೆ ತನ್ನದೇ ಕೊಳವೆ ಎರವಲಾಗಿ ಬರುವುದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಪ್ರಕರಣದ ಹೊಗೆಕೊಳವೆ ಕ್ಯಾಮರೂನಿನ ಪಶ್ಚಿಮದ ಹುಲ್ಲುಗಾವಲು ಸೀಮೆಯದು. ಬಮುಮ್, ಬಾಫುಟ್, ನ್ಸೋ, ಬಾಲಿ ಮುಂತಾದ ಹತ್ತಾರು ಅರಸೊತ್ತಿಗೆಗಳ ಎತ್ತರದ ನಾಡು ಅದು. ಅರಸನನ್ನು ಅಲ್ಲಿ ಬಹುಪಾಲು ಕಡೆ ‘ಫೊನ್’ ಎನ್ನುತ್ತಾರೆ. ಸಾಮಾನ್ಯರು ಸೇದುತ್ತಿದ್ದದ್ದು ಸಣ್ಣ ಮಣ್ಣಿನ ಚಿಲುಮೆಯಲ್ಲಿ. ಫೊನ್ ಮತ್ತು ಬಿರುದು ಪಡೆದ ದೊಡ್ಡವರ ಮುಂದೆ ಇರುತ್ತಿದ್ದದ್ದು ಬೇರೆಯದೇ ವಸ್ತು: ಮೇಣದ ಮಾದರಿ ಕರಗಿಸಿ ಎರಕ ಹೊಯ್ದ ಹಿತ್ತಾಳೆಯ ಚಿಲುಮೆ, ಅಥವಾ ಆನೆ, ಕಪ್ಪೆ, ಜೇಡದ ರೂಪಗಳನ್ನು ತಿದ್ದಿದ ದೊಡ್ಡ ಮಣ್ಣಿನ ಚಿಲುಮೆ, ಅದಕ್ಕೆ ಯುರೋಪಿನಿಂದ ವ್ಯಾಪಾರದಲ್ಲಿ ಬಂದ ಗಾಜಿನ ಮಣಿ ಹೊಲಿದ ಉದ್ದನೆಯ ಕೊಳವೆ. ಜೇಡಕ್ಕೆ ಅಲ್ಲಿ ದೊಡ್ಡ ಸ್ಥಾನವಿದೆ. ನೆಲದ ಬಿಲದಲ್ಲಿ ಇರುವ ಅದು ಮಣ್ಣಿನ ಕೆಳಗಿನ ಹಿರಿಯರಿಗೆ ಹತ್ತಿರದ್ದು. ಬಿಲದ ಬಾಯಿಯಲ್ಲಿ ಗುರುತು ಕೊರೆದ ಎಲೆಯ ಚೂರುಗಳನ್ನು ಇಟ್ಟು, ಜೇಡ ಅವನ್ನು ಸರಿಸಿದ ರೀತಿಯನ್ನು ನೋಡಿ ಕಣಿ ಹೇಳುತ್ತಾರೆ. ದೊಡ್ಡ ಕೊಳವೆಗಳು ಮನುಷ್ಯನ ತೋಳಿಗೆ ನಿಲುಕದಷ್ಟು ಉದ್ದ. ಸೇದುವವನೇ ಅದನ್ನು ಹಿಡಿದು ಕೆಂಡ ಇಡಲಾರ. ಮತ್ತೊಬ್ಬ ಸೇವಕ ಕುಳಿತು ಚಿಲುಮೆ ಹಿಡಿಯಬೇಕು, ಹೊತ್ತಿಸಬೇಕು. ಆ ಉದ್ದವೇ ಒಂದು ಅಧಿಕಾರ.

1884ರಲ್ಲಿ ಜರ್ಮನಿ ಕ್ಯಾಮರೂನನ್ನು ತನ್ನದೆಂದು ಘೋಷಿಸಿತು. ಈ ಎತ್ತರದ ಸೀಮೆಯೊಳಗೆ ಅದರ ಸೈನ್ಯ ಗಟ್ಟಿಯಾಗಿ ಕಾಲೂರಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಬಾಫುಟ್ ಜೊತೆಗಿನ ಕಾಳಗ 1901ರಲ್ಲಿ ಶುರುವಾಗಿ 1907ರವರೆಗೆ ಮತ್ತೆ ಮತ್ತೆ ನಡೆಯಿತು. ಬಮುಮ್ ಅರಸ ಎನ್ಜೋಯ ಬೇರೆ ದಾರಿ ಹಿಡಿದು ಜರ್ಮನ್ನರೊಡನೆ ಸ್ನೇಹದಿಂದ ನಡೆದುಕೊಂಡ. 1908ರಲ್ಲಿ ತನ್ನ ತಂದೆಯ ಮಣಿಸಿಂಹಾಸನವನ್ನು ಜರ್ಮನ್ ಚಕ್ರವರ್ತಿಗೆ ಕೊಟ್ಟ. ಕೊಡಬೇಕೆಂದಿದ್ದದ್ದು ಅದರ ಪ್ರತಿಯನ್ನು. ಕುಶಲಕರ್ಮಿಗಳು ಹೊತ್ತಿಗೆ ಸರಿಯಾಗಿ ಮುಗಿಸದ ಕಾರಣ ಮೂಲವೇ ಹೋಯಿತು. ಹೀಗೆ ಲೂಟಿ, ದಂಡ, ಖರೀದಿ, ಒತ್ತಾಯದ ಕಾಣಿಕೆ, ಮನಸಾರೆ ಕೊಟ್ಟ ಕಾಣಿಕೆ ಎಲ್ಲವೂ ಒಂದೇ ದಶಕದಲ್ಲಿ, ಒಂದೇ ಸೀಮೆಯಲ್ಲಿ ನಡೆದವು. ಇಂದು ಜರ್ಮನಿಯ ಸಾರ್ವಜನಿಕ ಸಂಗ್ರಹಾಲಯಗಳಲ್ಲಿ ಕ್ಯಾಮರೂನಿನ 40,000ಕ್ಕೂ ಹೆಚ್ಚು ವಸ್ತುಗಳಿವೆ.

ಸಮಸ್ಯೆ

ನಮ್ಮಲ್ಲಿ ಹೊಗೆಸೊಪ್ಪಿನ ಇತಿಹಾಸದ ಬಗ್ಗೆ ಒಂದು ಪ್ರದರ್ಶನ ನಿಗದಿಯಾಗಿತ್ತು. ಅದರ ಮುಖ್ಯ ವಸ್ತುವಾಗಿ ಆಯ್ಕೆಯಾದದ್ದು ಈ ಹೊಗೆಕೊಳವೆ: ಒಂದು ಗೇಣಿಗಿಂತ ಎತ್ತರದ ಹಿತ್ತಾಳೆ ಚಿಲುಮೆ, ಅದರ ಮೈಸುತ್ತ ಜೇಡಗಳ ಸಾಲು, ಒಂದು ಮೀಟರಿಗೂ ಉದ್ದನೆಯ ಮಣಿ ಹೊಲಿದ ಕೊಳವೆ. ಭಿತ್ತಿಪತ್ರದ ಮೇಲೂ ಅದೇ ಚಿತ್ರ. ಹಳೆಯ ಫಲಕದಲ್ಲಿ ಇದ್ದದ್ದು ಇಷ್ಟು: ‘ಅರಸನ ಹೊಗೆಕೊಳವೆ, ಕ್ಯಾಮರೂನ್, ಕಾಣಿಕೆ, 1909.’

ಹೊಸ ಫಲಕಕ್ಕೆ ನಾಲ್ಕು ಸಾಲು ಬರೆದುಕೊಡುವುದು ನನಗೆ ವಹಿಸಿದ ಕೆಲಸ. ಎರಡು ದಿನದಲ್ಲಿ ಮುಗಿಯಬೇಕಾದದ್ದು ಹದಿನೆಂಟು ತಿಂಗಳು ಹಿಡಿಯಿತು.

ಮೊದಲ ತೊಡಕು ‘ಕಾಣಿಕೆ’ ಎಂಬ ಒಂದೇ ಪದದಲ್ಲಿತ್ತು. ಫಲಕ ಓದಿದವರೆಲ್ಲ ಅರಸನೇ ಪ್ರೀತಿಯಿಂದ ಕೊಟ್ಟದ್ದೆಂದು ತಿಳಿಯುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಸಂಗ್ರಹಾಲಯಕ್ಕೆ ಬಂದ ವಸ್ತುಗಳನ್ನು ದಾಖಲಿಸುವ ಅಕ್ಸೆಷನ್ ರಿಜಿಸ್ಟರ್ ತೆರೆದು ನೋಡಿದರೆ ಆ ಕಾಣಿಕೆ ಬೇರೆ: ಸೇನಾಧಿಕಾರಿ ಸಂಗ್ರಹಾಲಯಕ್ಕೆ ಕೊಟ್ಟದ್ದು. ಅರಸನಿಂದ ಅಧಿಕಾರಿಯ ಕೈಗೆ ಅದು ಹೇಗೆ ಬಂತೆಂಬುದಕ್ಕೆ ರಿಜಿಸ್ಟರಿನಲ್ಲಿ ಒಂದು ಅಕ್ಷರವೂ ಇರಲಿಲ್ಲ. ಅದೇ ಹುಲ್ಲುಗಾವಲು ಸೀಮೆಯ ಬಮೆಂಡಾ ಸೇನಾಠಾಣೆಯಲ್ಲಿ ಸೇವೆ ಮಾಡಿದ್ದವನು ಆತ. ಸರ್ಕಾರಿ ಖರ್ಚಿನ ದಂಡಯಾತ್ರೆ, ಶೋಧಯಾತ್ರೆಗಳಲ್ಲಿ ಸಿಕ್ಕ ವಸ್ತುಗಳು ಮೊದಲು ಬರ್ಲಿನ್ನಿಗೆ ಹೋಗಬೇಕೆಂದು 1889ರಲ್ಲೇ ನಿಯಮವಾಗಿತ್ತು. ಉಳಿದ ಊರುಗಳ ಸಂಗ್ರಹಾಲಯಗಳು ಅಧಿಕಾರಿಗಳನ್ನು ನೇರವಾಗಿ ಓಲೈಸಿ, ಪದಕ ಬಿರುದುಗಳ ಆಸೆ ತೋರಿಸಿ ತಮ್ಮ ಕಡೆಗೆ ವಸ್ತು ತರಿಸಿಕೊಳ್ಳುತ್ತಿದ್ದವು. ‘ಖಾಸಗಿ ಕಾಣಿಕೆ’ ಎಂಬ ನಮೂದು ಆ ದಾರಿಯ ಸಲೀಸಾದ ಬಾಗಿಲು.

ಎರಡನೆಯ ತೊಡಕು ಅದೇ ಸಾಲಿನ ಅಂಚಿನಲ್ಲಿತ್ತು. ಪೆನ್ಸಿಲಿನಲ್ಲಿ ಬರೆದ ಒಂದು ಅಂಕಿ: 3. ಒಂದೇ ಕ್ರಮಸಂಖ್ಯೆಯಡಿ ಮೂರು ವಸ್ತುಗಳು ಬಂದಿದ್ದವು. ನಮ್ಮ ಕಪಾಟಿನಲ್ಲಿ ಇದ್ದದ್ದು ಒಂದು.

ಏನು ಮಾಡಿದೆವು

ಸಂರಕ್ಷಣಾ ತಜ್ಞೆಯೊಬ್ಬರು ನನ್ನ ಜೊತೆ ಕೆಲಸ ಮಾಡಿದರು. ಚಿಲುಮೆಯನ್ನು ಉಜ್ಜಿ ಹೊಳಪು ಕೊಡಬೇಕೆಂದು ಪ್ರದರ್ಶನ ತಂಡ ಕೇಳಿತ್ತು. ಅವರು ಒಪ್ಪಲಿಲ್ಲ. ಒಳಗಿನ ಮಸಿಯನ್ನು ಮೊದಲು ನೋಡಬೇಕು, ಆಮೇಲೆ ಉಳಿದ ಮಾತು ಎಂದರು. ಇಡೀ ಪ್ರಕರಣದಲ್ಲಿ ಸರಿಯಾಗಿ ತೆಗೆದುಕೊಂಡ ಮೊದಲ ನಿರ್ಧಾರ ಅದು. ಅದನ್ನು ತೆಗೆದುಕೊಂಡವರು ಅವರು, ನಾನಲ್ಲ.

ದೀಪ ಹಿಡಿದು ನೋಡಿದರೆ ಹಿತ್ತಾಳೆ ಚಿಲುಮೆಯ ಒಳಗೆ ಮಸಿಯೇ ಇರಲಿಲ್ಲ. ಎರಕದ ಒರಟು ಹಾಗೆಯೇ ಉಳಿದಿತ್ತು. ಒಮ್ಮೆಯೂ ಕೆಂಡ ಕಾಣದ ಬಟ್ಟಲು. ಕೊಳವೆಯ ಒಳರಂಧ್ರದಲ್ಲಾದರೆ ಗಟ್ಟಿಯಾದ ಕಪ್ಪು ಮಡ್ಡಿ. ವರ್ಷಗಟ್ಟಲೆ ಸೇದಿದ ಗುರುತು. ಹೊಗೆ ಚಿಲುಮೆಯನ್ನು ಮುಟ್ಟದೆ ಕೊಳವೆಗೆ ಬರಲು ಸಾಧ್ಯವೇ?

ಎರಡೂ ಸೇರುವ ಜಾಗಕ್ಕೆ ಸೆಣಬಿನ ದಾರ ಸುತ್ತಿ ಮೇಲೆ ಅರಗು ಬಳಿದಿತ್ತು. ತಜ್ಞೆ ದಾರದ ಒಂದು ಎಳೆಯನ್ನು ಇಕ್ಕಳದಲ್ಲಿ ಎತ್ತಿದಾಗ ಅದರ ಕೆಳಗೆ ಹಳದಿಗಟ್ಟಿದ ಕಾಗದ ಕಂಡಿತು. ಕೊಳವೆ ಸಣ್ಣದು, ಚಿಲುಮೆಯ ತೂತು ದೊಡ್ಡದು. ನಡುವಿನ ಸಡಿಲವನ್ನು ತುಂಬಲು ಜರ್ಮನ್ ದಿನಪತ್ರಿಕೆಯ ಒಂದು ಪಟ್ಟಿಯನ್ನು ಹರಿದು ನಾಲ್ಕು ಸುತ್ತು ಸುತ್ತಿದ್ದರು. ದಿನಾಂಕ ಹರಿದುಹೋಗಿತ್ತು. ಒಂದು ಮೂಲೆಯಲ್ಲಿ ಮಾತ್ರ ರೇಡಿಯೊ ಪೆಟ್ಟಿಗೆಯ ಜಾಹೀರಾತಿನ ಅರ್ಧ ಭಾಗ ಉಳಿದಿತ್ತು. ಜರ್ಮನಿಯಲ್ಲಿ ಸಾರ್ವಜನಿಕ ರೇಡಿಯೊ ಪ್ರಸಾರ ಶುರುವಾದದ್ದು 1923ರ ಅಕ್ಟೋಬರಿನಲ್ಲಿ. ನಮ್ಮ ರಿಜಿಸ್ಟರಿನ ವರ್ಷ 1909. ಅಂದರೆ ಭಿತ್ತಿಪತ್ರದ ಮೇಲೆ ಮೆರೆಯುತ್ತಿದ್ದ ‘ಅರಸನ ಹೊಗೆಕೊಳವೆ’ಯನ್ನು ಕಟ್ಟಿದ್ದು ಕ್ಯಾಮರೂನಿನಲ್ಲಿ ಅಲ್ಲ, ನಾವು ನಿಂತಿದ್ದ ಕಟ್ಟಡದಲ್ಲಿ, ಬಹುಶಃ ಯಾವುದೋ ಪ್ರದರ್ಶನದ ಹಿಂದಿನ ಸಂಜೆ.

ಕಾಣೆಯಾದ ಉಳಿದೆರಡು ವಸ್ತುಗಳನ್ನು ಹುಡುಕತೊಡಗಿದೆವು. ಒಂದು ಇಂದಿಗೂ ಸಿಕ್ಕಿಲ್ಲ. ಇನ್ನೊಂದು ಸಿಕ್ಕಿದ್ದು ಉಗ್ರಾಣದ ಬೇರೊಂದು ಮಹಡಿಯಲ್ಲಿ, ‘ಮನೆಬಳಕೆಯ ಮಡಕೆ ಕುಡಿಕೆ’ ಎಂದು ಬರೆದ ಕಪಾಟಿನಲ್ಲಿ. ಅಂಗೈಯಲ್ಲಿ ಕೂರುವಷ್ಟು ಒಂದು ಮಣ್ಣಿನ ಚಿಲುಮೆ. ಬಾಯಿಯ ಅಂಚು ಚೂರು ಮುಕ್ಕಾಗಿದೆ, ಒಳಗೆಲ್ಲ ಕಪ್ಪು. ಕೈಯಾಡಿ ಆಡಿ ನುಣುಪಾದ ಮೈಮೇಲೆ ಬೆರಳಿಗೆ ಮಾತ್ರ ತಿಳಿಯುವಂಥ ಜೇಡದ ಕಾಲುಗಳ ಗೆರೆ. ಯಾರೋ ಅದನ್ನು ‘ಸಾಧಾರಣ’ ಎಂದು ವಿಂಗಡಿಸಿದ್ದರು. ಅಳತೆ ತೆಗೆದರೆ ಮಣಿಯ ಕೊಳವೆಯ ತುದಿ ಆ ಚಿಲುಮೆಯ ತೂತಿಗೆ ಹೇಳಿ ಮಾಡಿಸಿದಂತೆ ಹೊಂದುತ್ತಿತ್ತು.

ದಾರ ಬಿಚ್ಚುವುದೋ ಬೇಡವೋ ಎಂಬ ಬಗ್ಗೆ ಮೂರು ವಾರ ಚರ್ಚೆ ನಡೆಯಿತು. ಬಿಚ್ಚಿದರೆ ಸಂಗ್ರಹಾಲಯದ ಕೈಚಳಕದ ಏಕೈಕ ಸಾಕ್ಷಿ ಹೋಗುತ್ತದೆ ಎಂದು ತಜ್ಞೆ ಹೇಳಿದರು. ಬಿಚ್ಚದಿದ್ದರೆ ಸುಳ್ಳು ಮುಂದುವರಿಯುತ್ತದೆ ಎಂಬುದು ನನ್ನ ವಾದ. ಕೊನೆಗೆ ಪ್ರತಿ ಸುತ್ತನ್ನೂ ಚಿತ್ರ ತೆಗೆದು ಬಿಚ್ಚಿದೆವು. ಕಾಗದ ಮತ್ತು ದಾರಕ್ಕೆ ಪ್ರತ್ಯೇಕ ಕ್ರಮಸಂಖ್ಯೆ ಕೊಟ್ಟೆವು. ಅವೂ ಈಗ ಸಂಗ್ರಹದ ವಸ್ತುಗಳೇ.

ನನ್ನ ತಪ್ಪು ನಡೆದದ್ದು ಇದಾದ ಮೇಲೆ. ಕೊಳವೆಯನ್ನು ಮಣ್ಣಿನ ಚಿಲುಮೆಗೆ ನಾನೇ ಸೇರಿಸಿದೆ. ಎಷ್ಟು ಚೆನ್ನಾಗಿ ಕೂತಿತೆಂದರೆ, ನೂರು ವರ್ಷದ ಅನ್ಯಾಯವನ್ನು ಒಂದು ಕ್ಷಣದಲ್ಲಿ ಸರಿಪಡಿಸಿದೆನೆಂಬ ಹಿಗ್ಗಿನಲ್ಲಿ ಚಿತ್ರ ತೆಗೆದೆ. ಜರ್ಮನಿಯಲ್ಲೇ ನೆಲೆಸಿದ್ದ ಆ ಅರಮನೆಯ ಬಂಧುವೊಬ್ಬರ ಮೂಲಕ ಚಿತ್ರವನ್ನು ಊರಿನ ಹಿರಿಯರಿಗೆ ಕಳಿಸಿದೆ.

ಏನಾಯಿತು

ಉತ್ತರ ಬರಲು ಐದು ತಿಂಗಳು ಹಿಡಿಯಿತು. 1916ರಲ್ಲಿ ಜರ್ಮನ್ನರು ಕ್ಯಾಮರೂನನ್ನು ಕಳೆದುಕೊಂಡ ಮೇಲೆ ಬ್ರಿಟನ್ ಮತ್ತು ಫ್ರಾನ್ಸ್ ಅದನ್ನು ಹಂಚಿಕೊಂಡವು. ಬಮೆಂಡಾದ ಕಡೆ ಬ್ರಿಟಿಷರ ಪಾಲಿಗೆ ಬಂದು ಇಂಗ್ಲಿಷ್ ಆಡಳಿತದ ಸೀಮೆಯಾಯಿತು. ಆ ಹಂಚಿಕೆಯ ಗಾಯ ಇನ್ನೂ ಮಾಯಿಲ್ಲ. ಆ ಇಂಗ್ಲಿಷ್ ಸೀಮೆಯಲ್ಲಿ 2016ರ ಕೊನೆಯಲ್ಲಿ ಶುರುವಾದ ಪ್ರತಿಭಟನೆ ಮರುವರ್ಷ ಸಶಸ್ತ್ರ ಸಂಘರ್ಷವಾಗಿ, ಎಷ್ಟೋ ಜನ ಊರು ಬಿಟ್ಟಿದ್ದರು. ನಾವು ಹುಡುಕುತ್ತಿದ್ದ ಹಿರಿಯರೂ ಬೇರೆ ಪಟ್ಟಣದಲ್ಲಿದ್ದರು. ಇಮೇಲಿಗೆ ಉತ್ತರ ಬರಲಿಲ್ಲವೆಂದು ನಮ್ಮ ಕಚೇರಿಯಲ್ಲಿ ಒಬ್ಬರು ‘ಅವರಿಗೆ ಆಸಕ್ತಿಯಿಲ್ಲ’ ಎಂದು ಕಡತದಲ್ಲಿ ಬರೆಯಹೊರಟಿದ್ದರು. ಆ ವಾಕ್ಯವನ್ನು ತಡೆದದ್ದಕ್ಕೆ ನನಗೆ ಸಮಾಧಾನವಿದೆ.

ಕೊನೆಗೆ ಮೊಬೈಲಿನಲ್ಲಿ ವಿಡಿಯೊ ಕರೆ ಸಾಧ್ಯವಾಯಿತು. ಹಿರಿಯರು ನನ್ನ ಚಿತ್ರವನ್ನು ನೋಡಿದ್ದರು. ಅವರ ಮೊದಲ ಮಾತು: “ಇವೆರಡನ್ನು ಸೇರಿಸಲು ನಿಮಗೆ ಯಾರು ಹೇಳಿದರು?”

ನಾನು ಅಳತೆಗಳ ವಿಷಯ ಹೇಳಿದೆ, ಮಡ್ಡಿಯ ವಿಷಯ ಹೇಳಿದೆ. ಅವರು ಸಾವಧಾನವಾಗಿ ಕೇಳಿಸಿಕೊಂಡರು. “ಅಳತೆ ಸರಿಯಿರಬಹುದು. ನಮ್ಮ ಮನೆಯಲ್ಲಿ ಕೊಳವೆಗೆ ಚಿಲುಮೆ ಸೇರಿಸುವುದು ಒಂದು ಕೆಲಸ. ಅದನ್ನು ಮಾಡುವವನು ಇರುತ್ತಾನೆ. ಮಣ್ಣಿನ ಚಿಲುಮೆ ಒಡೆಯುತ್ತದೆ, ಹೊಸದು ಬರುತ್ತದೆ. ಕೊಳವೆ ತಂದೆಯಿಂದ ಮಗನಿಗೆ ಬರುತ್ತದೆ. ಯಾರ ಕಾಲದ ಕೊಳವೆಗೆ ಯಾರ ಕಾಲದ ಚಿಲುಮೆಯನ್ನು ಸೇರಿಸಿದಿರಿ, ನಿಮಗೆ ಗೊತ್ತೇ?” ಎಂದರು. ಇದು ಅವರ ಮನೆತನದ ಮಾತು; ಇಡೀ ಸೀಮೆಯ ಪದ್ಧತಿಯೆಂದು ನಾನು ಇದನ್ನು ಎಲ್ಲೂ ಬರೆದಿಲ್ಲ.

ನನಗೆ ಉತ್ತರ ತೋಚಲಿಲ್ಲ. ಪತ್ರಿಕೆಯ ಪಟ್ಟಿ ಸುತ್ತಿ ಕೊಳವೆ ಕಟ್ಟಿದ ಆ ಅಜ್ಞಾತ ನೌಕರನಿಗೂ ನನಗೂ ನಡುವೆ ಇದ್ದ ವ್ಯತ್ಯಾಸವೆಂದರೆ ಅಳೆಯುವ ಸಲಕರಣೆ ಮಾತ್ರ. ಇಬ್ಬರೂ ಕಣ್ಣಿಗೆ ಒಪ್ಪಿದ್ದನ್ನು ಸೇರಿಸಿದ್ದೆವು. ಆ ಮನೆಯಲ್ಲಿ ಅದನ್ನು ಯಾರು ಹಿಡಿಯಬಹುದು, ಯಾರು ಹೊತ್ತಿಸಬಹುದು, ಯಾರ ತುಟಿಗೆ ಹೋಗಬಹುದು ಎಂಬುದರಲ್ಲೇ ಅದರ ಘನತೆ ಇತ್ತು. ಅದನ್ನು ಕೇಳದೆ ನಾವು ಹಿತ್ತಾಳೆಯ ಹೊಳಪಿನಲ್ಲಿ, ಮಣಿಯ ಬಣ್ಣದಲ್ಲಿ, ಕೊನೆಗೆ ಮಿಲಿಮೀಟರುಗಳಲ್ಲಿ ಹುಡುಕಿದ್ದೆವು.

ಸೇದದ ಹಿತ್ತಾಳೆ ಚಿಲುಮೆಯ ಬಗ್ಗೆಯೂ ಕೇಳಿದೆ. ಮಸಿಯಿಲ್ಲದ್ದರಿಂದ ಅದು ಯುರೋಪಿನವರಿಗೆ ಮಾರಲೆಂದು ಮಾಡಿದ ನಕಲು ಎಂದು ನಮ್ಮಲ್ಲಿ ಕೆಲವರು ಆಗಲೇ ತೀರ್ಮಾನಿಸಿದ್ದರು. ಹಿರಿಯರು ನಕ್ಕು, ಮೆರವಣಿಗೆಯಲ್ಲಿ ಹೊತ್ತು ನಡೆಯುವುದಕ್ಕೆಂದೇ ಇರುವ ವಸ್ತುಗಳನ್ನು ನಿಮ್ಮ ಅರಸರು ಇಟ್ಟುಕೊಂಡಿರಲಿಲ್ಲವೇ ಎಂದು ಕೇಳಿದರು. ಮಾರಲು ಮಾಡಿದ್ದೂ ಇರಬಹುದು, ತೋರಲು ಮಾಡಿದ್ದೂ ಇರಬಹುದು. ಮಸಿ ಒಂದರಿಂದ ಅದನ್ನು ನಿರ್ಧರಿಸಲಾಗದು. ಎನ್ಜೋಯ ಸಿಂಹಾಸನದ ಪ್ರತಿ ಮಾಡಿಸಿದ ಸಂಗತಿ ಗೊತ್ತಿದ್ದೂ ‘ಅಸಲು, ನಕಲು’ ಎಂಬ ಎರಡೇ ಖಾನೆಗಳಲ್ಲಿ ನಾವು ಸಿಕ್ಕಿಕೊಂಡಿದ್ದೆವು.

ಆಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಿದರು: “ಕೊಳವೆಯನ್ನು ಬಾಯಿಗೆ ಇಟ್ಟುಕೊಳ್ಳಬಹುದೇ?”

ಹುಳು ಹಿಡಿಯದಿರಲೆಂದು ಹಿಂದಿನ ಕಾಲದಲ್ಲಿ ಯುರೋಪಿನ ಸಂಗ್ರಹಾಲಯಗಳು ಮರ, ಚರ್ಮ, ಗರಿಯ ವಸ್ತುಗಳಿಗೆ ಆರ್ಸೆನಿಕ್, ಆಮೇಲೆ ಡಿಡಿಟಿಯಂಥ ವಿಷಗಳನ್ನು ಹಾಕುತ್ತಿದ್ದವು. ನಾವು ಪರೀಕ್ಷೆ ಮಾಡಿಸಿದ್ದೆವು. ಮಣಿಗಳ ಕೆಳಗಿನ ಬಟ್ಟೆಯಲ್ಲಿಯೂ ತುಟಿ ತಾಗುವ ತುದಿಯಲ್ಲಿಯೂ ಆರ್ಸೆನಿಕ್ ಇತ್ತು. ಇಲ್ಲ, ಇಟ್ಟುಕೊಳ್ಳಬಾರದು ಎಂದೆ. ಕರೆಯ ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಆ ಮೌನದಲ್ಲಿ ನಾನು ನನ್ನ ಕೈಗವಸುಗಳನ್ನು ನೋಡುತ್ತಾ ಕುಳಿತಿದ್ದೆ.

ಪ್ರದರ್ಶನ ತಡವಾಗಿ ತೆರೆಯಿತು. ಹಳೆಯ ಭಿತ್ತಿಪತ್ರಗಳನ್ನು ಹಿಂತೆಗೆದುಕೊಂಡರು. ಅದಕ್ಕೆ ಆಡಳಿತದಿಂದ ಬೈಗುಳವೂ ಬಂತು. ಹಿರಿಯರ ಒಪ್ಪಿಗೆಯ ಮೇಲೆ ಹಿತ್ತಾಳೆ ಚಿಲುಮೆಯನ್ನು ಮಾತ್ರ, ದಾರ ಮತ್ತು ಕಾಗದದ ಪಟ್ಟಿಯ ಪಕ್ಕದಲ್ಲಿ ಇಟ್ಟೆವು. ಫಲಕದಲ್ಲಿ ‘ಕಾಣಿಕೆ’ ಎಂಬ ಪದ ಹೋಗಿ, ‘ಬಮೆಂಡಾ ಠಾಣೆಯ ಸೇನಾಧಿಕಾರಿಯೊಬ್ಬ 1909ರಲ್ಲಿ ಈ ಸಂಗ್ರಹಾಲಯಕ್ಕೆ ಕೊಟ್ಟದ್ದು, ಅವನ ಕೈಗೆ ಬಂದ ಬಗೆಯನ್ನು ಅವನು ಬರೆದಿಡಲಿಲ್ಲ’ ಎಂಬ ವಾಕ್ಯ ಬಂತು. ಆ ಒಂದು ವಾಕ್ಯಕ್ಕೆ ನಿರ್ದೇಶಕರ ಸಹಿ ಸಿಗಲು ನಾಲ್ಕು ಸಭೆಗಳು ಬೇಕಾದವು.

ಇದರಿಂದ ಬದಲಾದದ್ದು

ಮೊದಲನೆಯದು ಕಚೇರಿಯ ನಮೂನೆ. ‘ಕೊಟ್ಟವರು’ ಎಂಬ ಒಂದು ಖಾನೆಯನ್ನು ಒಡೆದು, ಯಾರಿಂದ ಯಾರ ಕೈಗೆ ಎಂದು ಪ್ರತಿ ಹೆಜ್ಜೆಗೂ ಬೇರೆ ಸಾಲು ಮಾಡಿದೆವು. ಗೊತ್ತಿಲ್ಲದ ಹೆಜ್ಜೆಯನ್ನು ಖಾಲಿಯೇ ಬಿಡಬೇಕು, ಊಹೆಯಿಂದ ತುಂಬುವಂತಿಲ್ಲ. ‘ಮಡಕೆ ಕುಡಿಕೆ’ ಕಪಾಟನ್ನು ಪೂರ್ತಿ ಮತ್ತೆ ನೋಡಿದೆವು. ಸುಂದರವಾದದ್ದು ಅರಮನೆಯದು, ಮಾಸಿದ್ದು ಬಡವರದು ಎಂಬ ವಿಂಗಡಣೆ ಎಷ್ಟು ವಸ್ತುಗಳನ್ನು ಅವುಗಳ ಜೊತೆಯವುಗಳಿಂದ ದೂರ ಮಾಡಿದೆಯೋ ಎಂಬ ಭಯದಿಂದ ಶುರುವಾದ ಆ ಕೆಲಸ ನಾನು ಬಿಟ್ಟುಬಂದಾಗಲೂ ಮುಗಿದಿರಲಿಲ್ಲ.

ಹಿರಿಯರು ಕೇಳಿದ್ದು ಮೊದಲು ಕೊಳವೆಯನ್ನಲ್ಲ, ರಿಜಿಸ್ಟರಿನ ಆ ಪುಟದ ಪೂರ್ತಿ ಪ್ರತಿಯನ್ನು. ಅದೇ ಪುಟದಲ್ಲಿ ಅದೇ ಅಧಿಕಾರಿ ತಂದ ಇನ್ನೂ ಹತ್ತೊಂಬತ್ತು ವಸ್ತುಗಳಿದ್ದವು: ಪೀಠ, ಕುಡಿಯುವ ಕೊಂಬು, ಕತ್ತಿ. ಒಂದು ಚಿಲುಮೆಯ ಫಲಕವನ್ನು ಸರಿಪಡಿಸುವ ಉತ್ಸಾಹದಲ್ಲಿ ಮಿಕ್ಕ ಸಾಲುಗಳ ಮೇಲೆ ನಾವು ಕಣ್ಣಾಡಿಸಿರಲಿಲ್ಲ. ಬರ್ಲಿನ್ನಿಗೆ 1903ರಲ್ಲಿ ಸೇರಿದ್ದ ಮೂಲತಾಯಿ ನ್ಗೊನ್ಸೊಳ ಪ್ರತಿಮೆಯನ್ನು ನ್ಸೋ ಜನರಿಗೆ ಮರಳಿಸುವುದಾಗಿ 2022ರಲ್ಲಿ ಘೋಷಣೆಯಾದದ್ದು ಅವರಿಗೂ ಗೊತ್ತಿತ್ತು. ಪುಟ ಕೈಸೇರಿದ ಮೇಲೆ ಅರಮನೆಯಿಂದ ಲಿಖಿತ ಕೋರಿಕೆ ಬಂತು. ಸಂಗ್ರಹ ನಗರಸಭೆಯ ಆಸ್ತಿಯಾದ್ದರಿಂದ ನಿರ್ಧಾರ ಅದರದು. ಕಡತ ಇನ್ನೂ ಅಲ್ಲಿದೆ.

ಕೊಳವೆ ಮತ್ತು ಮಣ್ಣಿನ ಚಿಲುಮೆ ಈಗ ಒಂದೇ ಪೆಟ್ಟಿಗೆಯಲ್ಲಿ, ಬೇರೆ ಬೇರೆ ಗುಳಿಗಳಲ್ಲಿ ಮಲಗಿವೆ. ಮುಚ್ಚಳದ ಮೇಲೆ ಎರಡು ಸಾಲು ಬರೆದಿದೆ. ‘ವಿಷವಿದೆ, ಬರಿಗೈಯಲ್ಲಿ ಮುಟ್ಟಬೇಡಿ’ ಎಂಬ ಮೊದಲ ಸಾಲನ್ನು ತಜ್ಞೆ ಬರೆದರು. ಎರಡನೆಯದನ್ನು ನಾನು ಬರೆದೆ: ‘ಅರಮನೆಯವರು ಹೇಳದೆ ಜೋಡಿಸಬೇಡಿ.’